ಬಂಡೆಗಳ ದಿಕ್ಕಿನ ಲೆಕ್ಕ: ಕಂಪಾಸ್ ರೀಡಿಂಗ್‌ನಿಂದ ಸಂಖ್ಯಾಶಾಸ್ತ್ರದ ಮಾದರಿಯವರೆಗೆ

ಒಂದು ಬಂಡೆಯ ಮೇಲೆ ನಾಲ್ಕು ಬಿರುಕುಗಳ ಸ್ಟ್ರೈಕ್ (ನೆಲಮಟ್ಟದಲ್ಲಿ ಅವು ಓಡುವ ದಿಕ್ಕು) ಅಳೆದಿದ್ದೀರಿ ಅಂದುಕೊಳ್ಳಿ: 5°, 175°, 10°, 170°. ನಾಲ್ಕೂ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿಯೇ ಹಾದುಹೋಗಿವೆ. ಅದು ಕಣ್ಣಿಗೇ ಕಾಣುತ್ತದೆ. ಈಗ ಈ ನಾಲ್ಕನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ ಸರಾಸರಿ ಕೇಳಿ. 90° ಅನ್ನುತ್ತದೆ. ಅಂದರೆ ಪೂರ್ವ-ಪಶ್ಚಿಮ! ಬಿರುಕುಗಳು ಇರುವುದಕ್ಕೆ ಸರಿಯಾಗಿ ಅಡ್ಡಡ್ಡ.

"ಕೋನಗಳಿಗೆ ಮಾಮೂಲಿ ಸರಾಸರಿ ನಡೆಯೋದಿಲ್ಲ, ವೆಕ್ಟರ್ ಸರಾಸರಿ ತೆಗೆಯಬೇಕು, ಅಲ್ವಾ?" ಎಂದು ನೀವು ಕೇಳಬಹುದು. ತೆಗೆದು ನೋಡಿ. ಆಗಲೂ 90° ಬರುತ್ತದೆ. ಸೂತ್ರ ಸರಿಯಾಗಿಯೇ ಇದೆ. ಆದರೆ ಅದು ಬಾಣಗಳಿಗೆ ಇರುವ ಸೂತ್ರ, ನಿಮ್ಮ ಕೈಯಲ್ಲಿರುವುದು ಬರೀ ಗೆರೆಗಳು. ದಿಕ್ಕಿನ ಡೇಟಾದಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಹೀಗೆ ಸೂತ್ರಕ್ಕೆ ಕೈಹಾಕುವ ಮೊದಲೇ ಆಗಿಹೋಗಿರುತ್ತವೆ ಎಂಬುದು ನನ್ನ ಅನಿಸಿಕೆ. ಹಾಗಾಗಿ ಇಲ್ಲಿ ಆ ಮೊದಲಿನ ಕೆಲಸಕ್ಕೂ ಸಾಕಷ್ಟು ಜಾಗ ಕೊಟ್ಟಿದ್ದೇನೆ.

ಸೈನ್, ಕೊಸೈನ್ ಗೊತ್ತಿದ್ದು, ಕಂಪಾಸ್ ಹಿಡಿದು ಸ್ಟ್ರೈಕ್ ಮತ್ತು ಡಿಪ್ (ಇಳಿಜಾರಿನ ಕೋನ) ಓದಲು ಬಂದರೆ ಸಾಕು. ಉಳಿದದ್ದನ್ನು ದಾರಿಯಲ್ಲೇ ನೋಡಿಕೊಳ್ಳೋಣ.

ಹೆಜ್ಜೆ 1: ಬಾಣವೋ, ಗೆರೆಯೋ? ವೃತ್ತವೋ, ಗೋಳವೋ?

ನೋಟ್‌ಬುಕ್ ತೆರೆದ ಕೂಡಲೇ ಪ್ರತಿ ಕಾಲಂಗೂ ಈ ಎರಡು ಪ್ರಶ್ನೆ ಕೇಳಿ.

ಮೊದಲನೆಯದು: ಈ ಅಳತೆಗೆ ತಲೆ-ಬಾಲ ಇದೆಯಾ? ಹಳೆಯ ನದಿಯ ಮರಳುಗಲ್ಲಿನಲ್ಲಿ ಓರೆಯಾಗಿ ಕೂತ ಮರಳಿನ ಎಳೆಗಳ, ಅಂದರೆ ಕ್ರಾಸ್ ಬೆಡ್ಡಿಂಗ್‌ನ ಇಳಿಜಾರು ಯಾವ ಕಡೆಗಿದೆಯೋ ನೀರು ಆ ಕಡೆಗೆ ಹರಿದಿದೆ. ಅದು ಬಾಣ. ಫ್ಲೂಟ್ ಕಾಸ್ಟ್ (ನೀರು ಕೆಸರಿನಲ್ಲಿ ಕೊರೆದ ಗುಳಿಯ ಅಚ್ಚು) ಕೂಡ ಬಾಣವೇ, ಅದರ ಉಬ್ಬಿದ ಮೂತಿ ನೀರು ಬಂದ ಕಡೆಗೆ ಇರುತ್ತದೆ. ಒಂದು ಮಗ್ಗುಲು ಕಡಿದಾಗಿರುವ ರಿಪಲ್ ಗುರುತು, ಬಂಡೆಯೊಳಗೆ ಉಳಿದ ಹಳೆಯ ಕಾಂತದ ದಿಕ್ಕು ಇವೂ ಅಷ್ಟೇ. ಆದರೆ ಗ್ರೂವ್ ಕಾಸ್ಟ್ (ಕೆಸರಿನ ಮೇಲೆ ಏನೋ ಎಳೆದುಹೋದ ಗೀರಿನ ಅಚ್ಚು) ಬರೀ ಗೆರೆ. ನೀರು ಈ ತುದಿಯಿಂದ ಹರಿಯಿತೋ ಆ ತುದಿಯಿಂದಲೋ ಎಂದು ಅದು ಹೇಳುವುದಿಲ್ಲ. ಬಿರುಕಿನ ಸ್ಟ್ರೈಕ್, ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲೆಯ ಗೋಡೆಯಾದ ಡೈಕ್‌ನ ಓಟ, ಉಪಗ್ರಹ ಚಿತ್ರದಲ್ಲಿ ಗುರುತಿಸಿದ ಲಿನಿಯಮೆಂಟ್ (ನೆಲದ ಮೇಲಿನ ಉದ್ದನೆಯ ನೇರ ಗುರುತು), ಬೆಣಚುಕಲ್ಲಿನ (ಪೆಬಲ್) ಉದ್ದನೆಯ ಅಕ್ಷ ಇವೆಲ್ಲ ಗೆರೆಗಳು. ಇವುಗಳಿಗೆ 20° ಅಂದರೂ 200° ಅಂದರೂ ಒಂದೇ.

ಎರಡನೆಯದು: ನಕ್ಷೆಯ ಮೇಲಿನ ಒಂದೇ ಕೋನ ಸಾಕೋ, ಇಳುಕಲೂ ಬೇಕೋ? ಹರಿವಿನ ದಿಕ್ಕಿಗೆ ಒಂದು ಕೋನ ಸಾಕು, ಅದು ವೃತ್ತದ ಡೇಟಾ. ಮಡಿಚಿದ ಪದರಗಳು, ಬಿರುಕಿನ ಮುಖಗಳು, ಕಾಂತದ ದಿಕ್ಕುಗಳಿಗೆ ಎರಡು ಕೋನ ಬೇಕು, ಅವು ಗೋಳದ ಡೇಟಾ. ಸಮತಲವನ್ನು ಗೋಳದ ಮೇಲೆ ಇಡುವಾಗ ಅದಕ್ಕೆ ಲಂಬವಾಗಿ ನಿಲ್ಲುವ ಪೋಲ್ ತೆಗೆದುಕೊಳ್ಳುತ್ತೇವೆ. ಪೋಲ್‌ನ ಟ್ರೆಂಡ್ (ನಕ್ಷೆಯ ಮೇಲಿನ ದಿಕ್ಕು) ಅಂದರೆ ಡಿಪ್ ದಿಕ್ಕಿಗೆ 180° ಕೂಡಿಸಿದ್ದು. ಅದರ ಪ್ಲಂಜ್ (ಕೆಳಕ್ಕೆ ಇಳಿದ ಕೋನ) ಅಂದರೆ 90°ಯಲ್ಲಿ ಡಿಪ್ ಕಳೆದದ್ದು. ಪೋಲ್‌ಗೂ ತಲೆ-ಬಾಲ ಇಲ್ಲ, ಅದೂ ಗೆರೆಯೇ.

ಈ ಎರಡು ಪ್ರಶ್ನೆಗಳಿಂದ ನಾಲ್ಕು ಮನೆಗಳಾಗುತ್ತವೆ. ನಿಮ್ಮ ಡೇಟಾ ಯಾವ ಮನೆಯದು ಎಂದು ಕಾಲಂ ತಲೆಯಲ್ಲೇ ಬರೆದುಬಿಡಿ. ಮುಂದೆ ಯಾವ ಸೂತ್ರ, ಯಾವ ಮಾದರಿ ಎಂಬುದೆಲ್ಲ ಇದರ ಮೇಲೇ ನಿಂತಿದೆ.

ಹೆಜ್ಜೆ 2: ಲೆಕ್ಕಕ್ಕೆ ಮೊದಲು ಡೇಟಾ ಶುದ್ಧ ಮಾಡಿ

ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಜಾಗದಿಂದ ಜಾಗಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕಂಪಾಸಿನಲ್ಲೇ ಸರಿಪಡಿಸಿಕೊಂಡಿರೋ ಇಲ್ಲವೋ ನೋಡಿ. ತಂಡದಲ್ಲಿ ಒಬ್ಬರು ಸರಿಪಡಿಸಿ ಇನ್ನೊಬ್ಬರು ಹಾಗೇ ಬಿಟ್ಟಿದ್ದರೆ ಡೇಟಾದಲ್ಲಿ ಇಲ್ಲದ ಎರಡು ಗುಂಪು ಹುಟ್ಟಿಕೊಳ್ಳುತ್ತವೆ. ಸ್ಟ್ರೈಕ್ ಬರೆಯುವ ಪದ್ಧತಿಯೂ ಎಲ್ಲರದ್ದೂ ಒಂದೇ ಇರಲಿ: ಬಲಗೈ ನಿಯಮವೋ (ಸ್ಟ್ರೈಕ್ ಕಡೆ ಮುಖ ಮಾಡಿದಾಗ ಇಳಿಜಾರು ಬಲಕ್ಕೆ ಬರುವಂತೆ ಬರೆಯುವುದು), ಡಿಪ್ ದಿಕ್ಕು-ಡಿಪ್ ಜೋಡಿಯೋ. ಯಾವುದಾದರೂ ಆಗಬಹುದು, ಬೆರಕೆ ಬೇಡ.

ಪದರಗಳು ಆಮೇಲೆ ವಾಲಿದ್ದರೆ ಅದನ್ನು ತಿದ್ದಬೇಕು. ಎಷ್ಟು ವಾಲಿದ್ದರೆ ತಿದ್ದಬೇಕು ಎಂಬುದು ನೀವು ಏನನ್ನು ಅಳೆದಿದ್ದೀರಿ ಅನ್ನುವುದರ ಮೇಲಿದೆ. ಒಂದು ಲೆಕ್ಕ ನೋಡಿ. ನೀರು ನೇರ ಪೂರ್ವಕ್ಕೆ ಹರಿದು, ಕ್ರಾಸ್ ಬೆಡ್ 20° ಇಳಿಜಾರಿನಲ್ಲಿ ಪೂರ್ವಕ್ಕೆ ಕೂತಿದೆ. ಆಮೇಲೆ ಇಡೀ ಪದರ ಉತ್ತರಕ್ಕೆ 20° ವಾಲಿತು. ಈಗ ಕಂಪಾಸ್ ಇಟ್ಟರೆ ಕ್ರಾಸ್ ಬೆಡ್‌ನ ಡಿಪ್ ದಿಕ್ಕು 90° ತೋರಿಸುವುದಿಲ್ಲ, ಸುಮಾರು 47° ತೋರಿಸುತ್ತದೆ. ಪೂರ್ವದ ನದಿ ಈಶಾನ್ಯದ ನದಿಯಾಯಿತು! ಅದೇ ಪದರದ ಮೇಲೆ ಸ್ಟ್ರೈಕ್‌ಗೆ 45° ಕೋನದಲ್ಲಿ ಒಂದು ಗ್ರೂವ್ ಕಾಸ್ಟ್ ಇದ್ದರೆ ಅದರ ದಿಕ್ಕು 2°ಯಷ್ಟೂ ಬದಲಾಗಿರುವುದಿಲ್ಲ. ಕ್ರಾಸ್ ಬೆಡ್‌ನ ಇಳಿಜಾರು ಮೊದಲೇ ಕಡಿಮೆ. ಹಾಗಾಗಿ ಪದರ ಸ್ವಲ್ಪ ವಾಲಿದರೂ ಅದು ದಾರಿ ತಪ್ಪಿಸುತ್ತದೆ. ಗೆರೆಗಳು ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ತಿದ್ದುವುದು ಹೇಗೆ? ಪದರದ ಸ್ಟ್ರೈಕ್ ಅನ್ನು ಅಚ್ಚಾಗಿ ಹಿಡಿದು, ಅದರ ಡಿಪ್‌ನಷ್ಟು ಹಿಂದಕ್ಕೆ ತಿರುಗಿಸಿ. ಸ್ಟೀರಿಯೋನೆಟ್ (ಗೋಳದ ದಿಕ್ಕುಗಳನ್ನು ಕಾಗದದ ಮೇಲೆ ಇಳಿಸುವ ದುಂಡನೆಯ ಜಾಲ) ಬಿಡಿಸುವ ಬಹುತೇಕ ತಂತ್ರಾಂಶಗಳು ಇದನ್ನು ಮಾಡಿಕೊಡುತ್ತವೆ.

ಮೂರನೆಯ ಸಂಗತಿ ಬಿರುಕು ಅಳೆಯುವವರಿಗೆ. ಬಂಡೆಯ ಮೇಲೆ ಟೇಪ್ ಎಳೆದು, ಅದನ್ನು ದಾಟುವ ಬಿರುಕುಗಳನ್ನೆಲ್ಲ ಅಳೆದರೆ ಟೇಪಿಗೆ ಅಡ್ಡ ಇರುವವು ಜಾಸ್ತಿ ಸಿಗುತ್ತವೆ, ಟೇಪಿನ ಉದ್ದಕ್ಕೇ ಓಡುವವು ತಪ್ಪಿಸಿಕೊಳ್ಳುತ್ತವೆ. ರೂತ್ ಟೆರ್ಜಾಘಿ 1965ರಲ್ಲಿ ಇದಕ್ಕೊಂದು ತಿದ್ದುಪಡಿ ಕೊಟ್ಟರು. ಟೇಪಿಗೂ ಬಿರುಕಿನ ಸಮತಲಕ್ಕೂ ನಡುವಿನ ಕೋನದ ಸೈನ್ ತೆಗೆದು, ಒಂದನ್ನು ಅದರಿಂದ ಭಾಗಿಸಿ. ಬಂದದ್ದು ಆ ಬಿರುಕಿನ ತೂಕ. ಕೋನ 90° ಇದ್ದರೆ ತೂಕ 1, 30° ಇದ್ದರೆ 2, 10° ಇದ್ದರೆ ಸುಮಾರು 5.8. ಕೋನ 5°ಗೆ ಇಳಿದರೆ ತೂಕ 11 ದಾಟುತ್ತದೆ. ಆಗ ಒಂದೇ ಒಂದು ಬಿರುಕು ಇಡೀ ಫಲಿತಾಂಶವನ್ನು ಎಳೆದಾಡಿಬಿಡುತ್ತದೆ. ಹಾಗಾಗಿ ತೂಕಕ್ಕೆ ಒಂದು ಮೇಲ್ಮಿತಿ ಹಾಕಿ. ಇದಕ್ಕಿಂತ ಒಳ್ಳೆಯ ದಾರಿ ಅಂದರೆ ಬೇರೆ ಬೇರೆ ದಿಕ್ಕಿಗೆ ಎರಡು ಮೂರು ಟೇಪ್ ಎಳೆಯುವುದು. ಕಾಣದೇ ಹೋದ ಬಿರುಕನ್ನು ಯಾವ ತೂಕವೂ ವಾಪಸ್ ತರುವುದಿಲ್ಲ.

ಕೊನೆಯದು, ಎಲ್ಲರೂ ಮರೆಯುವಂಥದ್ದು: ಅಳತೆಗಳು ಒಂದಕ್ಕೊಂದು ಸ್ವತಂತ್ರವಾಗಿರಬೇಕು. ಒಂದೇ ಕ್ರಾಸ್ ಬೆಡ್ ಸೆಟ್ ಮೇಲೆ ಹತ್ತು ಸಲ ಕಂಪಾಸ್ ಇಟ್ಟರೆ ಅದು ಹತ್ತು ಅಳತೆಯಲ್ಲ, ಒಂದೇ ಅಳತೆಯನ್ನು ಹತ್ತು ಸಲ ಮಾಡಿದ್ದು. ಹಳೆಯ ಕಾಂತವನ್ನು ಅಳೆಯುವವರು ಈ ವಿಷಯದಲ್ಲಿ ಶಿಸ್ತಿನವರು. ಒಂದು ಲಾವಾ ಹರಿವು ಬೇಗ ತಣ್ಣಗಾಗುವುದರಿಂದ ಭೂಕಾಂತದ ಒಂದೇ ಕ್ಷಣವನ್ನು ಹಿಡಿದಿಟ್ಟಿರುತ್ತದೆ. ಅದರಿಂದ ಎಷ್ಟು ತುಂಡು ಕೊರೆದರೂ ಕೊನೆಗೆ ಒಂದು ಸೈಟ್ ಸರಾಸರಿ ಅಷ್ಟೇ. ಆ ಸೈಟ್ ಸರಾಸರಿಗಳೇ ಮುಂದಿನ ಲೆಕ್ಕಕ್ಕೆ ಹೋಗುವುದು. ಕ್ರಾಸ್ ಬೆಡ್‌ಗೂ ಬಿರುಕಿಗೂ ಇದೇ ಮೆಟ್ಟಿಲು ಹಿಡಿಯಿರಿ: ಮೊದಲು ಸೆಟ್, ಆಮೇಲೆ ಬಂಡೆ, ಆಮೇಲೆ ಪ್ರದೇಶ.

ಹೆಜ್ಜೆ 3: ಮೊದಲು ಚಿತ್ರ ಬಿಡಿಸಿ

ವೃತ್ತದ ಡೇಟಾಕ್ಕೆ ರೋಸ್ ಡಯಾಗ್ರಾಮ್: ಯಾವ ದಿಕ್ಕಿಗೆ ಎಷ್ಟು ಅಳತೆ ಇವೆ ಎಂದು ಹೂವಿನ ದಳಗಳ ಹಾಗೆ ತೋರಿಸುವ ಚಿತ್ರ. ಇಲ್ಲಿ ಒಂದು ಹಳೆಯ ಮೋಸವಿದೆ. ಎಣಿಕೆಗೆ ತಕ್ಕಂತೆ ದಳದ ಉದ್ದ ಇಟ್ಟರೆ, ಎರಡು ಪಟ್ಟು ಎಣಿಕೆ ಇರುವ ದಳ ನಾಲ್ಕು ಪಟ್ಟು ಜಾಗ ತಿನ್ನುತ್ತದೆ. ಕಣ್ಣು ನೋಡುವುದು ಉದ್ದವನ್ನಲ್ಲ, ಜಾಗವನ್ನು. ಆದ್ದರಿಂದ ಎಣಿಕೆಯ ವರ್ಗಮೂಲವನ್ನು ಉದ್ದವಾಗಿಡಿ. ದಳದ ಅಗಲ 10° ಇಟ್ಟು ಶುರು ಮಾಡಿ, ಆಮೇಲೆ ಶುರುವಾಗುವ ಜಾಗವನ್ನು 5° ಸರಿಸಿ ಮತ್ತೆ ಬಿಡಿಸಿ. ಅಷ್ಟಕ್ಕೇ ಮಾಯವಾಗುವ ಶಿಖರವನ್ನು ನಂಬಬೇಡಿ. ಡೇಟಾ ಕಡಿಮೆ ಇದ್ದರೆ ರೋಸ್ ಬೇಡವೇ ಬೇಡ, ವೃತ್ತದ ಸುತ್ತ ಚುಕ್ಕಿ ಇಟ್ಟರೆ ಸಾಕು.

ಗೋಳದ ಡೇಟಾಕ್ಕೆ ಸ್ಟೀರಿಯೋನೆಟ್. ಷ್ಮಿಟ್ ನೆಟ್ ಜಾಗವನ್ನು ಕಾಪಾಡುತ್ತದೆ, ವುಲ್ಫ್ ನೆಟ್ ಕೋನವನ್ನು ಕಾಪಾಡುತ್ತದೆ. ಪೋಲ್‌ಗಳ ದಟ್ಟಣೆ ನೋಡಬೇಕಾದಾಗ ಷ್ಮಿಟ್ ನೆಟ್‌ನಲ್ಲೇ ಬಿಡಿಸಿ. ವುಲ್ಫ್ ನೆಟ್‌ನಲ್ಲಿ ಒಂದೇ ಅಳತೆಯ ಜಾಗ ಅಂಚಿನಲ್ಲಿ ದೊಡ್ಡದಾಗಿ, ನಡುವೆ ಚಿಕ್ಕದಾಗಿ ಕಾಣುತ್ತದೆ. ದಟ್ಟಣೆಯ ಗೆರೆ ಎಳೆಯಲು ಕ್ಯಾಂಬ್ ವಿಧಾನ ಚೆನ್ನಾಗಿದೆ. ಹಿಮನದಿಯ ಮಂಜಿನ ಹರಳುಗಳ ಮೇಲೆ ಕೆಲಸ ಮಾಡುತ್ತಾ ಬಾರ್ಕ್ಲೇ ಕ್ಯಾಂಬ್ 1959ರಲ್ಲಿ ಕೊಟ್ಟ ವಿಧಾನ ಅದು. ಎಲ್ಲ ಕಡೆ ಸಮನಾಗಿ ಹರಡಿದ್ದರೆ ಎಷ್ಟು ಚುಕ್ಕಿ ಇರಬೇಕಿತ್ತೋ ಅದಕ್ಕಿಂತ ಎಷ್ಟು ಜಾಸ್ತಿ ಇದೆ ಎಂದು ತೋರಿಸುತ್ತದೆ.

ಚಿತ್ರದಲ್ಲಿ ನೀವು ಹುಡುಕಬೇಕಾದ್ದು ಒಂದೇ: ಗುಂಪು ಒಂದೋ, ಎರಡೋ, ಅಥವಾ ಪಟ್ಟಿಯ ಹಾಗೆ ಹರಡಿದೆಯೋ? ಎರಡು ಗುಂಪು ಕಾಣುತ್ತಿದ್ದರೆ ಒಟ್ಟು ಸರಾಸರಿ ತೆಗೆಯುವುದರಲ್ಲಿ ಅರ್ಥವಿಲ್ಲ.

ಹೆಜ್ಜೆ 4: ವೃತ್ತದ ಮೇಲೆ ಸರಾಸರಿ ಮತ್ತು ಚದುರಿಕೆ

ಕೈಯಲ್ಲೇ ಒಂದು ಲೆಕ್ಕ ಮಾಡೋಣ. ಅಭ್ಯಾಸಕ್ಕೆಂದು ಎಂಟು ಹರಿವಿನ ದಿಕ್ಕುಗಳು: 340°, 350°, 355°, 5°, 10°, 20°, 30°, 50°.

ಪ್ರತಿ ಕೋನದ ಕೊಸೈನ್ ತೆಗೆದು ಕೂಡಿಸಿ: 7.350. ಸೈನ್ ತೆಗೆದು ಕೂಡಿಸಿ: 1.266. ಕಂಪಾಸ್ ಕೋನ ಉತ್ತರದಿಂದ ಬಲಕ್ಕೆ ಹೋಗುವುದರಿಂದ ಕೊಸೈನ್ ಮೊತ್ತ ಉತ್ತರದ ಕಡೆಯ ಎಳೆತ, ಸೈನ್ ಮೊತ್ತ ಪೂರ್ವದ ಕಡೆಯ ಎಳೆತ. ಸೈನ್ ಮೊತ್ತವನ್ನು ಕೊಸೈನ್ ಮೊತ್ತದಿಂದ ಭಾಗಿಸಿ ಆರ್ಕ್‌ಟ್ಯಾನ್ ತೆಗೆದರೆ 9.8°. ಇದು ಸರಾಸರಿ ದಿಕ್ಕು. ಮಾಮೂಲಿ ಸರಾಸರಿ ತೆಗೆದಿದ್ದರೆ 145° ಬರುತ್ತಿತ್ತು. ಆ ಕಡೆಗೆ ಒಂದು ಹನಿ ನೀರೂ ಹರಿದಿಲ್ಲ.

ಒಂದು ಚಿಕ್ಕ ಎಚ್ಚರಿಕೆ. ಬರೀ ಆರ್ಕ್‌ಟ್ಯಾನ್‌ಗೆ ಯಾವ ಕಾಲುಭಾಗ ಎಂದು ಗೊತ್ತಾಗುವುದಿಲ್ಲ, ಹಾಗಾಗಿ ಎರಡು ಬೆಲೆ ತೆಗೆದುಕೊಳ್ಳುವ ಏಟ್ಯಾನ್2 ಬಳಸಬೇಕು. ಪೈಥಾನ್, ಆರ್ ಮುಂತಾದ ಭಾಷೆಗಳಲ್ಲಿ ಸೈನ್ ಮೊತ್ತ ಮೊದಲು, ಕೊಸೈನ್ ಮೊತ್ತ ಆಮೇಲೆ. ಎಕ್ಸೆಲ್‌ನಲ್ಲಿ ಇದು ಉಲ್ಟಾ! ಅಲ್ಲಿ ಕೊಸೈನ್ ಮೊತ್ತವೇ ಮೊದಲು. ಫಲಿತಾಂಶ ಋಣ ಸಂಖ್ಯೆಯಾಗಿ ಬಂದರೆ 360° ಕೂಡಿಸಿ.

ಈಗ ಚದುರಿಕೆ. ಎರಡು ಮೊತ್ತಗಳ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: 7.458. ಇದನ್ನು ಎಣಿಕೆ 8ರಿಂದ ಭಾಗಿಸಿದರೆ 0.932. ಇದಕ್ಕೆ ಆರ್-ಬಾರ್ ಅನ್ನುತ್ತಾರೆ. ಎಲ್ಲ ಬಾಣಗಳೂ ಒಂದೇ ಕಡೆ ನೋಡುತ್ತಿದ್ದರೆ ಇದು 1. ಒಂದನ್ನೊಂದು ಪೂರ್ತಿ ಹೊಡೆದುಹಾಕಿದರೆ 0. ವೃತ್ತದ ಚದುರಿಕೆ ಅಂದರೆ 1ರಲ್ಲಿ ಆರ್-ಬಾರ್ ಕಳೆದದ್ದು, ಇಲ್ಲಿ 0.068. ಡಿಗ್ರಿಯಲ್ಲೇ ಬೇಕೆಂದರೆ ಆರ್-ಬಾರ್‌ನ ಸ್ವಾಭಾವಿಕ ಲಾಗ್ ತೆಗೆದು, −2ರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ರೇಡಿಯನ್‌ನಲ್ಲಿ ಬಂದದ್ದನ್ನು ಡಿಗ್ರಿಗೆ ಬದಲಿಸಿದರೆ 21.5°.

ಹೆಜ್ಜೆ 5: ಗೆರೆಗಳಾದರೆ ದುಪ್ಪಟ್ಟು ಮಾಡಿ

ಮೊದಲಿನ ನಾಲ್ಕು ಬಿರುಕುಗಳಿಗೆ ಬರೋಣ. ಗೆರೆಗಳಿಗೆ ಉಪಾಯ ಬಲು ಸರಳ: ಕೋನಗಳನ್ನೆಲ್ಲ ಎರಡರಿಂದ ಗುಣಿಸಿ, ಬಾಣಗಳ ಲೆಕ್ಕ ಮಾಡಿ, ಬಂದ ದಿಕ್ಕನ್ನು ಎರಡರಿಂದ ಭಾಗಿಸಿ. ಕ್ರಂಬೈನ್ ಎಂಬ ಭೂವಿಜ್ಞಾನಿ 1939ರಲ್ಲಿ ಬೆಣಚುಕಲ್ಲುಗಳ ದಿಕ್ಕಿನ ಅಧ್ಯಯನಕ್ಕೆ ಇದನ್ನು ಬಳಸಿದರು. 20° ಮತ್ತು 200° ಎರಡೂ ದುಪ್ಪಟ್ಟಾದಾಗ 40°ಗೇ ಬಂದು ಕೂರುತ್ತವೆ, ಅಲ್ಲಿಗೆ ತಲೆ-ಬಾಲದ ಗೊಂದಲ ಮುಗಿಯಿತು.

5°, 175°, 10°, 170° ಈಗ 10°, 350°, 20°, 340° ಆಗುತ್ತವೆ. ಸರಾಸರಿ 0°. ಅರ್ಧ ಮಾಡಿದರೂ 0°. ಆರ್-ಬಾರ್ 0.96. ದುಪ್ಪಟ್ಟು ಮಾಡದೇ ಇದ್ದಾಗ ಅದು 0.13 ಇತ್ತು. ಅಂದರೆ ಬಿಗಿಯಾದ ಗುಂಪೊಂದು ಚೆಲ್ಲಾಪಿಲ್ಲಿ ಅನ್ನಿಸಿಕೊಂಡಿತ್ತು. ಡಿಗ್ರಿಯಲ್ಲಿ ಹೇಳುವ ಚದುರಿಕೆಯನ್ನೂ ಕೊನೆಗೆ ಅರ್ಧ ಮಾಡುವುದು ಮರೆಯಬೇಡಿ.

ಹೆಜ್ಜೆ 6: ನಿಜಕ್ಕೂ ಒಂದು ದಿಕ್ಕು ಇದೆಯಾ?

ಸರಾಸರಿ ದಿಕ್ಕು ಯಾವ ಡೇಟಾಕ್ಕೂ ಬರುತ್ತದೆ. ಸುಮ್ನೆ ಕಣ್ಣುಮುಚ್ಚಿ ಬರೆದ ಕೋನಗಳಿಗೂ ಬರುತ್ತದೆ. ಅದನ್ನು ನಂಬಬಹುದೋ ಎಂದು ನೋಡಲು ರೇಲೀ ಪರೀಕ್ಷೆ ಇದೆ. ಆರ್-ಬಾರ್‌ನ ವರ್ಗವನ್ನು ಎಣಿಕೆಯಿಂದ ಗುಣಿಸಿ. ನಮ್ಮ ಎಂಟು ಹರಿವುಗಳಿಗೆ ಅದು 6.95. ಪಿ-ಬೆಲೆ ಹೆಚ್ಚುಕಡಿಮೆ e ಎಂಬ ಸಂಖ್ಯೆಯ −6.95ನೇ ಘಾತ, ಅಂದರೆ 0.001ಕ್ಕಿಂತ ಕಡಿಮೆ. ದಿಕ್ಕೇ ಇಲ್ಲದ ಡೇಟಾದಲ್ಲಿ ಇಷ್ಟು ಬಿಗಿಯಾದ ಗುಂಪು ಅಕಸ್ಮಾತ್ತಾಗಿ ಸಿಗುವುದು ಅಪರೂಪ.

ಆದರೆ ರೇಲೀ ಪರೀಕ್ಷೆಗೆ ಒಂದು ಕುರುಡು ಜಾಗವಿದೆ. ಅದು ನೋಡುವುದು ಒಂದೇ ಶಿಖರವನ್ನು. ಉಬ್ಬರವಿಳಿತದ ಜಾಗದಲ್ಲಿ ನೀರು ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ ಹರಿದು ಹೆರಿಂಗ್‌ಬೋನ್ ಕ್ರಾಸ್ ಬೆಡ್ಡಿಂಗ್ ಮಾಡಿಟ್ಟಿರುತ್ತದೆ. ಅಲ್ಲಿ ಬಾಣಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಆರ್-ಬಾರ್ ಸೊನ್ನೆಯ ಹತ್ತಿರ ಬರುತ್ತದೆ, ಪರೀಕ್ಷೆ "ಇಲ್ಲಿ ದಿಕ್ಕೇ ಇಲ್ಲ" ಅನ್ನುತ್ತದೆ. ನಿಜದಲ್ಲಿ ಎರಡು ಸ್ಪಷ್ಟ ದಿಕ್ಕುಗಳಿವೆ! ಅದೇ ಡೇಟಾವನ್ನು ದುಪ್ಪಟ್ಟು ಮಾಡಿ ಮತ್ತೆ ಪರೀಕ್ಷಿಸಿ. ಆರ್-ಬಾರ್ ಧಡಕ್ಕನೆ ಮೇಲೆದ್ದರೆ ಎದುರುಬದುರು ಹರಿವು ಇತ್ತು ಎಂದರ್ಥ. ಇನ್ನೂ ಗೋಜಲಾದ ಆಕಾರಗಳಿಗೆ ಕೈಪರ್ ಪರೀಕ್ಷೆ, ವಾಟ್ಸನ್ ಪರೀಕ್ಷೆ, ರಾವ್ ಅಂತರ ಪರೀಕ್ಷೆ ಇವೆ. ಇವು ಶಿಖರ ಒಂದೇ ಇರಬೇಕು ಎಂದು ಹಟ ಹಿಡಿಯುವುದಿಲ್ಲ.

ಹೆಜ್ಜೆ 7: ವೃತ್ತಕ್ಕೆ ಮಾದರಿ ಕೂರಿಸುವುದು

ಮಾಮೂಲಿ ಸಂಖ್ಯೆಗಳಿಗೆ ನಾರ್ಮಲ್ ಹಂಚಿಕೆ ಹೇಗೋ, ವೃತ್ತದ ಕೋನಗಳಿಗೆ ಫಾನ್ ಮೀಸಸ್ ಹಂಚಿಕೆ ಹಾಗೆ. ರಿಚರ್ಡ್ ಫಾನ್ ಮೀಸಸ್ 1918ರಲ್ಲಿ ಇದನ್ನು ತಂದದ್ದು ಬಂಡೆಗಳಿಗಲ್ಲ. ಪರಮಾಣು ತೂಕಗಳು ಪೂರ್ಣಾಂಕಗಳಿಂದ ಎಷ್ಟು ಸರಿದಿವೆ ಎಂದು ನೋಡಲು. ಇದರಲ್ಲಿ ಹೊಂದಿಸಬೇಕಾದ ಬೆಲೆಗಳು ಎರಡೇ: ಮ್ಯೂ ಅಂದರೆ ನಡುವಿನ ದಿಕ್ಕು, ಕಪ್ಪಾ ಅಂದರೆ ಬಿಗಿತ. ಕಪ್ಪಾ 0 ಆದರೆ ಎಲ್ಲ ದಿಕ್ಕೂ ಸಮ. ಕಪ್ಪಾ ದೊಡ್ಡದಾದರೆ ಇದು ನಾರ್ಮಲ್ ಹಂಚಿಕೆಯಂತೆಯೇ ಕಾಣುತ್ತದೆ.

ಮ್ಯೂ ಅಂದರೆ ನಾವು ತೆಗೆದ ಸರಾಸರಿ ದಿಕ್ಕೇ. ಕಪ್ಪಾವನ್ನು ಆರ್-ಬಾರ್‌ನಿಂದ ತೆಗೆಯಬೇಕು. ಆರ್-ಬಾರ್ 0.85 ಅಥವಾ ಅದಕ್ಕಿಂತ ಜಾಸ್ತಿ ಇದ್ದಾಗ ಒಂದು ಸುಲಭ ಅಂದಾಜು ಇದೆ: ಆರ್-ಬಾರ್‌ನ ಘನದಲ್ಲಿ ಅದರ ವರ್ಗದ ನಾಲ್ಕು ಪಟ್ಟು ಕಳೆದು, ಆರ್-ಬಾರ್‌ನ ಮೂರು ಪಟ್ಟು ಕೂಡಿಸಿ, ಬಂದದ್ದರಿಂದ 1ನ್ನು ಭಾಗಿಸಿ. ನಮ್ಮ 0.932ಗೆ ಕಪ್ಪಾ 7.66.

ಇಲ್ಲಿಗೇ ನಿಲ್ಲಬೇಡಿ. ಡೇಟಾ ಕಡಿಮೆ ಇದ್ದಾಗ ಈ ಅಂದಾಜು ಉಬ್ಬಿರುತ್ತದೆ. ಎಣಿಕೆ 15 ಅಥವಾ ಅದಕ್ಕಿಂತ ಕಡಿಮೆ ಇದ್ದು, ಕಪ್ಪಾ 2 ದಾಟಿದ್ದರೆ ಹೀಗೆ ತಿದ್ದಿ: ಎಣಿಕೆಯಲ್ಲಿ ಒಂದು ಕಳೆದು ಘನ ಮಾಡಿ, ಕಪ್ಪಾದಿಂದ ಗುಣಿಸಿ, ಎಣಿಕೆಯ ಘನಕ್ಕೆ ಎಣಿಕೆ ಕೂಡಿಸಿದ್ದರಿಂದ ಭಾಗಿಸಿ. 343ನ್ನು 7.66ರಿಂದ ಗುಣಿಸಿ 520ರಿಂದ ಭಾಗಿಸಿದರೆ 5.05. ಮೂರನೇ ಒಂದು ಭಾಗ ಇಳಿದುಹೋಯಿತು! ತಿದ್ದದೇ ಬರೆದಿದ್ದರೆ ನದಿ ನಿಜಕ್ಕಿಂತ ನೇರವಾಗಿತ್ತು ಎಂದು ವಾದಿಸುತ್ತಿದ್ದಿರಿ.

ಸರಾಸರಿ ದಿಕ್ಕನ್ನು ಎಷ್ಟು ಗಟ್ಟಿಯಾಗಿ ಹೇಳಬಹುದು? ಎಣಿಕೆ, ಆರ್-ಬಾರ್, ಕಪ್ಪಾ ಮೂರನ್ನೂ ಗುಣಿಸಿ ವರ್ಗಮೂಲ ತೆಗೆದು, ಅದರಿಂದ 1ನ್ನು ಭಾಗಿಸಿ: 0.163. ಇದನ್ನು 1.96ರಿಂದ ಗುಣಿಸಿ ಆರ್ಕ್‌ಸೈನ್ ತೆಗೆದರೆ ಸುಮಾರು 19°. ಹಾಗಾಗಿ ಬರೆಯಬೇಕಾದ್ದು "10° ± 19°, 95% ವಿಶ್ವಾಸ" ಎಂದು. ಎಂಟು ಅಳತೆಗೆ ಇದು ಒರಟು ಅಂದಾಜೇ. ಆದರೂ "9.8°" ಎಂದು ದಶಮಾಂಶ ಹಾಕಿ ಬರೆಯುವುದಕ್ಕಿಂತ ಪ್ರಾಮಾಣಿಕ.

ಶಿಖರ ಎರಡಿದ್ದರೆ? ಎರಡು ಫಾನ್ ಮೀಸಸ್‌ಗಳ ಮಿಶ್ರಣ ಕೂರಿಸಿ. ಇದಕ್ಕೆ ಇಎಂ ಎಂಬ ವಿಧಾನ ಇದೆ. ಪ್ರತಿ ಅಳತೆ ಯಾವ ಗುಂಪಿಗೆ ಎಷ್ಟು ಸೇರುತ್ತದೆ ಎಂದು ಅಂದಾಜಿಸುವುದು, ಆ ಪಾಲಿನ ಪ್ರಕಾರ ಗುಂಪುಗಳ ಮ್ಯೂ-ಕಪ್ಪಾ ಮತ್ತೆ ಲೆಕ್ಕ ಹಾಕುವುದು, ಬೆಲೆಗಳು ನಿಲ್ಲುವವರೆಗೂ ಇದನ್ನೇ ತಿರುಗಿಸುವುದು. ಗುಂಪು ಎಷ್ಟು ಎಂದು ಆರಿಸಲು ಬಿಐಸಿ ಅಳತೆ (ಮಾದರಿ ಎಷ್ಟು ಚೆನ್ನಾಗಿ ಕೂರುತ್ತದೆ, ಎಷ್ಟು ಗೋಜಲಾಗಿದೆ ಎರಡನ್ನೂ ತೂಗುವುದು) ಬಳಸಬಹುದು. ಆದರೆ ಬಿಐಸಿ ಐದು ಗುಂಪು ಅಂದಿತು ಎಂದು ಐದು ಬಿರುಕು ಸೆಟ್ ಘೋಷಿಸಬೇಡಿ. ಬಂಡೆಗೆ ವಾಪಸ್ ಹೋಗಿ, ಆ ಗುಂಪುಗಳು ಒಂದನ್ನೊಂದು ಕತ್ತರಿಸುವ ರೀತಿ, ಒಳಗೆ ತುಂಬಿದ ಖನಿಜ ಬೇರೆ ಬೇರೆ ಇವೆಯೇ ನೋಡಿ.

ಹೆಜ್ಜೆ 8: ಗೋಳದ ಮೇಲೆ

ಎರಡು ಕೋನ (ನಕ್ಷೆಯ ಮೇಲಿನ ದಿಕ್ಕು ಡೆಕ್ಲಿನೇಷನ್, ಕೆಳಕ್ಕೆ ಇಳಿದ ಕೋನ ಇಂಕ್ಲಿನೇಷನ್) ಇದ್ದಾಗ ದೊಡ್ಡ ತಪ್ಪು ಅಂದರೆ ಡೆಕ್ಲಿನೇಷನ್‌ಗಳ ಸರಾಸರಿ ಒಂದು ಕಡೆ, ಇಂಕ್ಲಿನೇಷನ್‌ಗಳ ಸರಾಸರಿ ಇನ್ನೊಂದು ಕಡೆ ತೆಗೆಯುವುದು. ಎರಡನ್ನೂ ಸೇರಿಸಿ ಮೂರು ಆಯಾಮದ ವೆಕ್ಟರ್ ಮಾಡಿ. ಉತ್ತರದ ಪಾಲು ಡೆಕ್ಲಿನೇಷನ್‌ನ ಕೊಸೈನ್ ಗುಣಿಸು ಇಂಕ್ಲಿನೇಷನ್‌ನ ಕೊಸೈನ್. ಪೂರ್ವದ ಪಾಲು ಡೆಕ್ಲಿನೇಷನ್‌ನ ಸೈನ್ ಗುಣಿಸು ಇಂಕ್ಲಿನೇಷನ್‌ನ ಕೊಸೈನ್. ಕೆಳಮುಖದ ಪಾಲು ಇಂಕ್ಲಿನೇಷನ್‌ನ ಸೈನ್. ಪಾಲುಗಳನ್ನು ಬೇರೆ ಬೇರೆ ಕೂಡಿಸಿ. ಮೂರು ಮೊತ್ತಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಒಟ್ಟು ಉದ್ದ ಆರ್.

ಬಾಣಗಳಾದರೆ ಇಲ್ಲಿನ ಮಾದರಿ ಫಿಷರ್ ಹಂಚಿಕೆ. ಐಸ್‌ಲ್ಯಾಂಡಿನ ಲಾವಾಗಳ ಕಾಂತದ ದಿಕ್ಕು ಅಳೆಯುತ್ತಿದ್ದ ಯಾನ್ ಹಾಸ್ಪರ್ಸ್ ಅವರ ಕೆಲಸಕ್ಕೆ ನೆರವಾಗಿ ರೊನಾಲ್ಡ್ ಫಿಷರ್ ಇದನ್ನು ಕಟ್ಟಿದರು, 1953ರಲ್ಲಿ ಪ್ರಕಟಿಸಿದರು. ಭೂವಿಜ್ಞಾನದ ಒಂದು ತೊಂದರೆಯಿಂದಲೇ ಸಂಖ್ಯಾಶಾಸ್ತ್ರದಲ್ಲಿ ಹೊಸ ದಾರಿ ತೆರೆದ ಕತೆ ಇದು. ಕಪ್ಪಾ ತೆಗೆಯುವುದೂ ಸುಲಭ: ಎಣಿಕೆಯಲ್ಲಿ 1 ಕಳೆದದ್ದನ್ನು, ಎಣಿಕೆಯಲ್ಲಿ ಆರ್ ಕಳೆದದ್ದರಿಂದ ಭಾಗಿಸಿ. ಎಂಟು ಸೈಟ್‌ಗಳಿಗೆ ಆರ್ 7.85 ಬಂದರೆ ಕಪ್ಪಾ 7ನ್ನು 0.15ರಿಂದ ಭಾಗಿಸಿದ್ದು, ಸುಮಾರು 46.7. ಸರಾಸರಿಯ ಸುತ್ತ 95% ವಿಶ್ವಾಸದ ಶಂಕುವಿಗೆ ಆಲ್ಫಾ-95 ಅನ್ನುತ್ತಾರೆ. ಇಲ್ಲಿ ಅದರ ಪೂರ್ಣ ಸೂತ್ರದಿಂದ 8.2° ಬರುತ್ತದೆ. 140ನ್ನು, ಕಪ್ಪಾ ಮತ್ತು ಎಣಿಕೆಯ ಗುಣಲಬ್ಧದ ವರ್ಗಮೂಲದಿಂದ ಭಾಗಿಸುವ ಅಡ್ಡದಾರಿಯಲ್ಲಿ 7.2° ಬರುತ್ತದೆ. ಎಣಿಕೆ ಚಿಕ್ಕದಿದ್ದಾಗ ಅಡ್ಡದಾರಿ ಬೇಡ. ಇನ್ನೊಂದು ಮಾತು: ಭೂಕಾಂತ ತಿರುಗುಮುರುಗಾಗಿದ್ದ ಕಾಲದ ಸೈಟ್‌ಗಳು ಎದುರು ದಿಕ್ಕು ತೋರಿಸುತ್ತವೆ. ಎರಡೂ ಗುಂಪನ್ನು ಬೇರೆ ಬೇರೆ ಲೆಕ್ಕ ಹಾಕಿ, ಅವು ನಿಜಕ್ಕೂ ಎದುರುಬದುರು ಇವೆ ಎಂದು ಖಾತ್ರಿಯಾದ ಮೇಲೆ ಒಂದನ್ನು ತಿರುಗಿಸಿ ಸೇರಿಸಿ.

ಪೋಲ್‌ಗಳಿಗೆ ಫಿಷರ್ ಹಾಕುವಾಗ ಹುಷಾರು. ಬಹುತೇಕ ನೆಟ್ಟಗೆ ನಿಂತ ಎರಡು ಬಿರುಕು ತೆಗೆದುಕೊಳ್ಳಿ. ಒಂದರ ಪೋಲ್ ಪೂರ್ವಕ್ಕೆ 5° ಇಳಿದಿದೆ, ಇನ್ನೊಂದರದ್ದು ಪಶ್ಚಿಮಕ್ಕೆ 5° ಇಳಿದಿದೆ. ಎರಡೂ ಉತ್ತರ-ದಕ್ಷಿಣಕ್ಕೆ ಓಡುವ, ಹೆಚ್ಚುಕಡಿಮೆ ಒಂದೇ ಬಗೆಯ ಬಿರುಕುಗಳು. ವೆಕ್ಟರ್ ಕೂಡಿಸಿ. ಪೂರ್ವ-ಪಶ್ಚಿಮ ಹೊಡೆದುಹೋಗಿ ನೇರ ಕೆಳಮುಖದ ಪೋಲ್ ಸಿಗುತ್ತದೆ. ಅಂದರೆ ನೆಲಕ್ಕೆ ಮಲಗಿದ ಸಮತಲ! ನಿಂತ ಬಿರುಕುಗಳ ಸರಾಸರಿ ಮಲಗಿಬಿಟ್ಟಿತು. ಇಳಿಜಾರಿನ ಸ್ಥಿರತೆ ನೋಡುವ ಎಂಜಿನಿಯರ್ ಕೈಗೆ ಇಂಥ ಸಂಖ್ಯೆ ಸಿಕ್ಕರೆ ಗತಿಯೇನು?

ಇದಕ್ಕೆ ಮದ್ದು ದಿಕ್ಕಿನ ಟೆನ್ಸರ್. ಪ್ರತಿ ಪೋಲ್‌ನ ಮೂರು ಪಾಲುಗಳನ್ನು ಒಂದಕ್ಕೊಂದು ಗುಣಿಸಿ ಮೂರಡ್ಡ ಮೂರರ ಕೋಷ್ಟಕ ಮಾಡಿ, ಎಲ್ಲವನ್ನೂ ಕೂಡಿಸಿ, ಎಣಿಕೆಯಿಂದ ಭಾಗಿಸಿ. ಪಾಲುಗಳು ಜೋಡಿಯಾಗಿ ಗುಣಿಸಿಕೊಳ್ಳುವುದರಿಂದ ಪೋಲ್‌ನ ತಲೆ ಯಾವ ಕಡೆಗಿದ್ದರೂ ಫಲಿತಾಂಶ ಅದೇ. ಈ ಕೋಷ್ಟಕಕ್ಕೆ ಒಂದಕ್ಕೊಂದು ಲಂಬವಾದ ಮೂರು ದಿಕ್ಕು (ಐಗನ್ ವೆಕ್ಟರ್), ಒಂದೊಂದರ ಕಡೆಗೂ ಡೇಟಾ ಎಷ್ಟು ಕೂಡಿದೆ ಎಂದು ಹೇಳುವ ಮೂರು ಬೆಲೆ (ಐಗನ್ ಬೆಲೆ) ಇರುತ್ತವೆ. ಈ ಬೆಲೆಗಳ ಮೊತ್ತ 1. ಅವೇ ಡೇಟಾದ ಆಕಾರ ಹೇಳುತ್ತವೆ.

ಒಂದು ಬೆಲೆ ದೊಡ್ಡದು, ಉಳಿದೆರಡು ಚಿಕ್ಕವು (0.90, 0.06, 0.04ರ ಹಾಗೆ) ಆದರೆ ಒಂದು ಗುಂಪು. ದೊಡ್ಡ ಬೆಲೆಯ ಐಗನ್ ವೆಕ್ಟರ್ ಸರಾಸರಿ ಪೋಲ್. ಎರಡು ದೊಡ್ಡವು, ಒಂದು ಚಿಕ್ಕದು (0.50, 0.46, 0.04ರ ಹಾಗೆ) ಆದರೆ ಪೋಲ್‌ಗಳು ಪಟ್ಟಿಯಾಗಿ ಹರಡಿವೆ. ಉರುಳೆಯಾಕಾರದಲ್ಲಿ ಮಡಿಚಿದ ಪದರಗಳಲ್ಲಿ ಹೀಗಾಗುತ್ತದೆ. ಆಗ ಸರಾಸರಿ ಪೋಲ್‌ಗೆ ಅರ್ಥವಿಲ್ಲ. ಬೇಕಾದ್ದು ಅತಿ ಚಿಕ್ಕ ಬೆಲೆಯ ಐಗನ್ ವೆಕ್ಟರ್, ಅದೇ ಮಡಿಕೆಯ ಅಕ್ಷ. ಮೂರೂ ಸಮವಾಗಿದ್ದರೆ ದಿಕ್ಕೇ ಇಲ್ಲ.

ವುಡ್‌ಕಾಕ್ 1977ರಲ್ಲಿ ಇದನ್ನು ಎರಡು ಸಂಖ್ಯೆಗೆ ಇಳಿಸಿದರು. ಮೊದಲನೇ-ಎರಡನೇ ಬೆಲೆಗಳ ಅನುಪಾತದ ಲಾಗ್ ಅನ್ನು ಎರಡನೇ-ಮೂರನೇ ಬೆಲೆಗಳ ಅನುಪಾತದ ಲಾಗ್‌ನಿಂದ ಭಾಗಿಸಿದ್ದು ಆಕಾರ. 1ಕ್ಕಿಂತ ಜಾಸ್ತಿ ಇದ್ದರೆ ಗುಂಪು, ಕಡಿಮೆ ಇದ್ದರೆ ಪಟ್ಟಿ. ಮೇಲಿನ ಎರಡು ಉದಾಹರಣೆಗೆ ಅದು 6.7 ಮತ್ತು 0.03. ಮೊದಲನೇ-ಮೂರನೇ ಅನುಪಾತದ ಲಾಗ್ ಬಲ: 3.1 ಮತ್ತು 2.5. ಎರಡೂ ಬಲವಾದ ಡೇಟಾ, ಆಕಾರ ಮಾತ್ರ ಪೂರ್ತಿ ಬೇರೆ.

ಮಾದರಿಯೇ ಬೇಕೆಂದರೆ ಗೋಳದ ಗೆರೆಗಳಿಗೆ ಬಿಂಗ್‌ಹ್ಯಾಂ ಹಂಚಿಕೆ ಇದೆ, 1974ರದ್ದು. ಗುಂಪನ್ನೂ ಪಟ್ಟಿಯನ್ನೂ ಅದು ಹಿಡಿಯುತ್ತದೆ. ಬಾಣಗಳ ಗುಂಪು ಗುಂಡಗಿರದೆ ಮೊಟ್ಟೆಯಾಕಾರಕ್ಕೆ ಎಳೆದಿದ್ದರೆ 1982ರಲ್ಲಿ ಬಂದ ಕೆಂಟ್ ಹಂಚಿಕೆ ನೋಡಿ.

ಹೆಜ್ಜೆ 9: ಎರಡು ಗುಂಪು ಹೋಲಿಸುವುದು

ಕೆಳಗಿನ ಮರಳುಗಲ್ಲು, ಮೇಲಿನ ಮರಳುಗಲ್ಲು, ಎರಡರಲ್ಲಿ ಹರಿವು ಬದಲಾಯಿತೇ? ವಾಟ್ಸನ್-ವಿಲಿಯಮ್ಸ್ ಪರೀಕ್ಷೆ ಇದಕ್ಕೇ ಇರುವುದು. ಆದರೆ ಎರಡೂ ಗುಂಪಿನ ಕಪ್ಪಾ ಹತ್ತಿರ ಹತ್ತಿರ ಇರಬೇಕು, ತೀರಾ ಕಡಿಮೆಯೂ ಇರಬಾರದು. ಈ ಷರತ್ತು ಕೂಡಿಬರದಿದ್ದರೆ ನಾನು ಬೂಟ್‌ಸ್ಟ್ರಾಪ್ ಕಡೆಗೇ ಹೋಗುತ್ತೇನೆ: ಡೇಟಾದಿಂದ ಮತ್ತೆ ಮತ್ತೆ, ಎತ್ತಿದ್ದನ್ನು ವಾಪಸ್ ಇಡುತ್ತಾ ಮಾದರಿ ಎತ್ತಿ, ಪ್ರತಿ ಸಲ ಎರಡು ಸರಾಸರಿಗಳ ವ್ಯತ್ಯಾಸ ಬರೆದಿಟ್ಟು, ಅದು ಎಷ್ಟು ಹರಡುತ್ತದೆ ನೋಡುವುದು. ಎತ್ತುವಾಗ ಬಿಡಿ ಅಳತೆಗಳನ್ನಲ್ಲ, ಇಡೀ ಬಂಡೆಗಳನ್ನು ಎತ್ತಿ. ಇಲ್ಲದಿದ್ದರೆ ಹೆಜ್ಜೆ 2ರಲ್ಲಿ ಹೇಳಿದ ಸ್ವತಂತ್ರತೆಯ ತೊಂದರೆ ಹಿಂಬಾಗಿಲಿನಿಂದ ಬರುತ್ತದೆ.

ಮಡಿಕೆ ಪರೀಕ್ಷೆಯೂ ಇದೇ ಜಾತಿಯದು. 1949ರಲ್ಲಿ ಗ್ರಹಾಂ ಹೇಳಿದ ಉಪಾಯ: ಪದರಗಳನ್ನು ಬಿಚ್ಚಿ ಮಟ್ಟಸ ಮಾಡಿದಾಗ ಕಾಂತದ ದಿಕ್ಕುಗಳು ಹತ್ತಿರ ಬಂದರೆ ಕಾಂತ ಮಡಿಕೆಗಿಂತ ಹಳೆಯದು, ಚದುರಿದರೆ ಆಮೇಲಿನದು. ಟಾಕ್ಸ್ ಮತ್ತು ವಾಟ್ಸನ್ 1994ರಲ್ಲಿ ಇದನ್ನು ಟೆನ್ಸರ್‌ಗೂ ಬೂಟ್‌ಸ್ಟ್ರಾಪ್‌ಗೂ ಜೋಡಿಸಿದರು. ಎಷ್ಟು ಶೇಕಡಾ ಬಿಚ್ಚಿದಾಗ ಮೊದಲನೇ ಐಗನ್ ಬೆಲೆ ಗರಿಷ್ಠವಾಗುತ್ತದೆ ಎಂದು ಅದು ಹುಡುಕುತ್ತದೆ.

ಹೆಜ್ಜೆ 10: ಸಲಕರಣೆ ಮತ್ತು ವರದಿ

ಆರ್ ಭಾಷೆಯ ಸರ್ಕ್ಯುಲರ್ ಪ್ಯಾಕೇಜ್‌ನಲ್ಲಿ ವೃತ್ತದ ಕೆಲಸಗಳು ಬಹುಪಾಲು ಸಿಗುತ್ತವೆ. ಪೈಥಾನ್‌ನಲ್ಲಿ ಸೈಪೈ ಇದೆ. ಅದರ ಸರ್ಕ್‌ಮೀನ್ ಎಂಬ ಫಂಕ್ಷನ್ ರೇಡಿಯನ್ ಎಂದುಕೊಂಡೇ ಲೆಕ್ಕ ಹಾಕುತ್ತದೆ, ಡಿಗ್ರಿ ಕೊಟ್ಟರೆ ಗಲಾಟೆ ಮಾಡದೆ ತಪ್ಪು ಬೆಲೆ ಕೊಡುತ್ತದೆ. ಮೇಲ್ಮಿತಿ 360, ಕೆಳಮಿತಿ 0 ಎಂದು ಹೇಳಿ. ಗೆರೆಗಳಾದರೆ ಮೇಲ್ಮಿತಿ 180 ಎಂದರೆ ಸಾಕು, ದುಪ್ಪಟ್ಟು ಮಾಡುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ನೆಟ್ ಬಿಡಿಸಲು ಎಂಪಿಎಲ್‌ಸ್ಟೀರಿಯೋನೆಟ್, ಅಥವಾ ರಿಕ್ ಆಲ್ಮೆಂಡಿಂಗರ್ ಅವರ ಸ್ಟೀರಿಯೋನೆಟ್ ತಂತ್ರಾಂಶ. ಹಳೆಯ ಕಾಂತಕ್ಕೆ ಪಿಮ್ಯಾಗ್‌ಪೈ. ಯಾವುದನ್ನೇ ಹಿಡಿದರೂ ಮೊದಲು ನಾಲ್ಕು ಬಿರುಕು ಮತ್ತು ಎಂಟು ಹರಿವಿನ ಮೇಲಿನ ಲೆಕ್ಕ ಕೊಟ್ಟು ನೋಡಿ. 0° ಮತ್ತು 9.8° ಬರದಿದ್ದರೆ ಸೆಟ್ಟಿಂಗ್ ಎಲ್ಲೋ ಎಡವಟ್ಟಾಗಿದೆ.

ವರದಿಯಲ್ಲಿ ಎಣಿಕೆ ಬರೆಯಿರಿ, ಆ ಎಣಿಕೆ ಅಳತೆಗಳದ್ದೋ ಬಂಡೆಗಳದ್ದೋ ಅನ್ನುವುದನ್ನೂ ಬರೆಯಿರಿ. ಬಾಣವೋ ಗೆರೆಯೋ, ಸರಾಸರಿ ದಿಕ್ಕು ಮತ್ತು ಅದರ ವ್ಯಾಪ್ತಿ, ಆರ್-ಬಾರ್ ಅಥವಾ ಐಗನ್ ಬೆಲೆಗಳು, ಕಪ್ಪಾ ತಿದ್ದಿದ್ದೋ ಇಲ್ಲವೋ, ಯಾವ ಪರೀಕ್ಷೆ ಎಂಬುದೂ ಇರಲಿ. ರೋಸ್ ಡಯಾಗ್ರಾಮ್ ಕೆಳಗೆ ದಳದ ಉದ್ದ ಎಣಿಕೆಯದೋ ವರ್ಗಮೂಲದ್ದೋ ಎಂದು ಒಂದು ಸಾಲು ಹಾಕಿ. ಜೊತೆಗೆ ಕಚ್ಚಾ ರೀಡಿಂಗ್‌ಗಳ ಕೋಷ್ಟಕ ಕೊಡಿ: ವಾಲಿಕೆ ತಿದ್ದುವ ಮೊದಲಿನ ಸಂಖ್ಯೆ, ಆ ಜಾಗದ ಪದರದ ಸ್ಟ್ರೈಕ್-ಡಿಪ್, ಕಾಂತೀಯ ತಿದ್ದುಪಡಿ ಎಷ್ಟು ಡಿಗ್ರಿ, ಅಳೆದ ದಿನಾಂಕ. ಇವಿಷ್ಟಿದ್ದರೆ ಬೇರೆಯವರು ಬೇರೆ ಮಾದರಿ ಹಿಡಿದು ಮೊದಲಿನಿಂದ ಲೆಕ್ಕ ಹಾಕಬಹುದು.